ಏಳನೇ ಮಂಚದ ಹತ್ತೊಂಬತ್ತು ನಿಮಿಷ

ಸುಜಾತಾ ಚಹಾದ ಲೋಟ ಹಿಡಿದು ಏಳನೇ ಕೋಣೆಗೆ ಹೋದಾಗ ಮಂಚ ಖಾಲಿಯಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ ಐದು ನಿಮಿಷವಾಗಿತ್ತು. ಸಂಗನಬಸಪ್ಪನವರು ಬಚ್ಚಲಿಗೆ ಹೋಗಿರಬೇಕು ಅಂದುಕೊಂಡು ಬಾಗಿಲು ಬಡಿದಳು, ಆಮೇಲೆ ತಳ್ಳಿದಳು. ಒಳಗೆ ಯಾರೂ ಇರಲಿಲ್ಲ, ನೆಲ ಒಣಗಿತ್ತು. ಬಗ್ಗಿ ಮಂಚದ ಕೆಳಗೆ ನೋಡಿದಳು. ಮುದುಕರ ಚಪ್ಪಲಿಯೂ ಇರಲಿಲ್ಲ. 

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ನಿಂತು ಕೂಗಿಕೊಳ್ಳುತ್ತಿದ್ದರು. ಸುಜಾತಾ ಕೂಗಲಿಲ್ಲ. ಲೋಟವನ್ನು ಕಿಟಕಿಯ ಮೇಲಿಟ್ಟು ಅವಳು ಮೊದಲು ಓಡಿದ್ದು ಬಟ್ಟೆ ಕೋಣೆಯ ಪಕ್ಕದ ಗೋಡೆಗೆ. ಅಲ್ಲಿ ಒಂದು ಹಲಗೆ, ಹಲಗೆಗೆ ಕ್ಲಿಪ್ಪು ಹಾಕಿದ ಒಂದು ಹಾಳೆ. ಅದರಲ್ಲಿ ಹೀಗಿತ್ತು: ಏಳನೇ ಮಂಚ, ಮೈ ಒರೆಸಿ ಬಟ್ಟೆ ಬದಲಿಸಿದ್ದು, ಯಂಕಮ್ಮ, 3.32 ರಿಂದ 3.51. ಅದರ ಕೆಳಗೆ: ಏಳನೇ ಮಂಚ, ಚಹಾ ಕುಡಿಸಿದ್ದು, ಸುಜಾತಾ, 4.04 ರಿಂದ 4.12. ಎರಡೂ ಅವಳದೇ ಅಕ್ಷರ, ದುಂಡಗೆ, ಎಲ್ಲೂ ತಿದ್ದದೆ. ಎರಡನ್ನೂ ಬರೆದದ್ದು ಮಧ್ಯಾಹ್ನ ಒಂದೂವರೆಗೆ. ಕುಡಿಯುವ ಮನುಷ್ಯನೇ ಮಂಚದಲ್ಲಿಲ್ಲ, ಕುಡಿಸಿ ಮುಗಿಸುವ ಹೊತ್ತು ಮಾತ್ರ ಆಗಲೇ ಹಾಳೆಯ ಮೇಲಿತ್ತು.

ಈ ಹಾಳೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ.

ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿದ್ದ ಆ ನರ್ಸಿಂಗ್ ಹೋಮಿನಲ್ಲಿ ಹನ್ನೆರಡು ಮಂಚ, ಹಗಲು ಪಾಳಿಗೆ ಮೂವರು ಆಯಾಗಳು. ಯಂಕಮ್ಮ ಎಲ್ಲರಿಗಿಂತ ಹಿರಿಯಳು, ಐವತ್ತು ದಾಟಿದವಳು, ಸಿಂಧನೂರು ಕಡೆಯವಳು, ಓದು ಬರಹ ಗೊತ್ತಿಲ್ಲ. ಖುರ್ಷೀದಾ ಶಿವಾಜಿನಗರದವಳು, ಅವಳಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಮಾತಿಗಷ್ಟೇ. ಎಸ್ಸೆಸ್ಸೆಲ್ಸಿ ಪಾಸಾದವಳು ಸುಜಾತಾ ಒಬ್ಬಳೇ. ಮಸ್ಕಿಯಿಂದ ಬಂದ ಮೊದಲ ಎರಡು ವರ್ಷ ಅವಳು ಕೆ.ಆರ್. ಪುರದ ಕಟ್ಟಡಗಳಲ್ಲಿ ಗಂಡ ಅಮರಪ್ಪನ ಜೊತೆ ಕಾಂಕ್ರೀಟಿನ ಬಾಂಡ್ಲಿ ಹೊತ್ತಿದ್ದಳು. ಒಂದು ದಿನ ಎರಡನೇ ಮಹಡಿಯ ಸಾರವೆ ಕುಸಿದು ಪಕ್ಕದಲ್ಲಿದ್ದ ಹೆಂಗಸು ಕಣ್ಣೆದುರಿಗೇ ಕೆಳಗೆ ಬಿದ್ದಿದ್ದಳು. ಆಮೇಲೆ ಸಿಕ್ಕಿದ್ದು ಈ ಕೆಲಸ. ಜೋಗುಪಾಳ್ಯದ ಬಾಡಿಗೆ ಕೋಣೆಯಿಂದ ನಡೆದುಕೊಂಡೇ ಬರಬಹುದು, ತಲೆಯ ಮೇಲೊಂದು ಸೂರು, ಕಾಲಡಿ ಅಲ್ಲಾಡದ ನೆಲ. ಈ ಕೆಲಸ ಹೋದರೆ ಮತ್ತೆ ಆ ಸಾರವೆ ಹತ್ತಬೇಕು ಅನ್ನುವ ಹೆದರಿಕೆ ಅವಳಿಗೆ ನಿದ್ದೆಯಲ್ಲೂ ಬಿಟ್ಟಿರಲಿಲ್ಲ.

ಮೊದಲು ಆ ಹಲಗೆಯಲ್ಲಿ ದಿನದ ಕೆಲಸದ ಒಂದೇ ಪಟ್ಟಿ ಇರುತ್ತಿತ್ತು. ಯಾರಿಗೆ ಕೈ ಬಿಡುವಾಗುತ್ತದೋ ಅವರು ಮಾಡುವುದು, ಮಾಡಿದ ಮೇಲೆ ಒಂದು ಗೀಟು ಹಾಕುವುದು. ಯಾರ ಗೀಟು ಯಾವುದು ಅಂತ ಯಾರೂ ಕೇಳುತ್ತಿರಲಿಲ್ಲ. 2004ರ ಬೇಸಿಗೆಯಲ್ಲಿ ಮಾಲೀಕ ಡಾಕ್ಟರ ಅಳಿಯ ಕೇದಾರ್ ಆಡಳಿತ ನೋಡಿಕೊಳ್ಳಲು ಬಂದ. ಕೆಟ್ಟವನೇನಲ್ಲ. ಆದರೆ ಕಂಪ್ಯೂಟರಿನಲ್ಲಿ ಕಾಣದ್ದು ಲೋಕದಲ್ಲೇ ಇಲ್ಲ ಅಂತ ನಂಬಿದವರಲ್ಲಿ ಅವನೂ ಒಬ್ಬ. ಮೊದಲ ದಿನವೇ ಮೂವರನ್ನೂ ನಿಲ್ಲಿಸಿಕೊಂಡು ಹೇಳಿದ: "ಟೀಮ್ ಮಾಡ್ತು ಅಂದ್ರೆ ಯಾರೂ ಮಾಡ್ಲಿಲ್ಲ ಅಂತ ಅರ್ಥ. ಇನ್ಮೇಲೆ ಪ್ರತಿ ಟಾಸ್ಕಿಗೂ ಒಂದು ಹೆಸರು, ಸ್ಟಾರ್ಟ್ ಟೈಮು, ಎಂಡ್ ಟೈಮು. ತಿಂಗಳ ಕೊನೆಗೆ ಯಾರದು ಎಷ್ಟು ಗಂಟೆ ಅಂತ ನಾನೇ ಟೋಟಲ್ ಹಾಕ್ತೀನಿ." ಪ್ರತಿ ಕೋಣೆಗೂ ಒಂದೊಂದು ಗೋಡೆ ಗಡಿಯಾರ ಬಂತು.

ಮೊದಲ ತಿಂಗಳು ಅವರು ಇದ್ದದ್ದನ್ನು ಇದ್ದ ಹಾಗೆ ಬರೆದರು. ತಿಂಗಳ ಕೊನೆಗೆ ಕೇದಾರ್ ತೆಗೆದ ಪ್ರಿಂಟಿನಲ್ಲಿ ಖುರ್ಷೀದಾಳದ್ದು ನೂರಾ ನಲವತ್ತಾರು ಗಂಟೆ, ಸುಜಾತಾಳದ್ದು ನೂರಾ ನಲವತ್ತು, ಯಂಕಮ್ಮನದ್ದು ತೊಂಬತ್ತನಾಲ್ಕು. ಯಂಕಮ್ಮನ ಸಾಲಿಗೆ ಕೆಂಪು ಬಣ್ಣ. ಅರ್ಧ ದಿನ ಕೂತೇ ಇರ್ತೀರಾ ಅಂತ ಕೇದಾರ್ ಕೇಳಿದ. ಕೂತಿರುತ್ತಿದ್ದಳು, ನಿಜ. ಆಪರೇಷನ್ ಆದವರು ನೋವಿಗೆ ಅಳುತ್ತಿದ್ದರೆ ಅವರ ಪಕ್ಕ ಕೂತಿರುತ್ತಿದ್ದಳು. ಹೆದರಿದವರ ಕೈ ಹಿಡಿದು ಕೂತಿರುತ್ತಿದ್ದಳು. ಅದಕ್ಕೆ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ. ಇನ್ನೊಮ್ಮೆ ಕೆಂಪು ಬಂದರೆ ಕೆಲಸ ಬಿಡಬೇಕು ಅಂತ ಬರೆದ ಕಾಗದಕ್ಕೆ ಯಂಕಮ್ಮ ಹೆಬ್ಬೆಟ್ಟು ಒತ್ತಿ ಬಂದಳು.

ಅವತ್ತೇ ಊಟದ ಹೊತ್ತಿನಲ್ಲಿ ಖುರ್ಷೀದಾ ಹೇಳಿದ್ದು: "ರೊಟ್ಟಿ ಹಂಚ್ಕೊಂಡು ತಿಂತೀವಿ, ಪಲಾವ್ ಹಂಚ್ಕೊಂಡು ತಿಂತೀವಿ. ನಿಮಿಷ ಯಾಕ್ ಹಂಚ್ಕೋಬಾರ್ದು?"

ಅಲ್ಲಿಂದ ಅದು ವಾಡಿಕೆಯಾಯಿತು. ಒಂದೂವರೆಗೆ ಬಟ್ಟೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಡಬ್ಬಿ ಬಿಚ್ಚಿ, ಮಧ್ಯಾಹ್ನದ ಪಟ್ಟಿಯನ್ನೆಲ್ಲ ಮುಂಚೆಯೇ ತುಂಬಿಬಿಡುವುದು. ಮೂವರಿಗೂ ಸಮ ಬರುವ ಹಾಗೆ ಲೆಕ್ಕ ಹಾಕುವುದು ಸುಜಾತಾಳ ಪಾಲು. ಅವಳು ಇದರಲ್ಲಿ ಪಳಗಿಬಿಟ್ಟಳು. ಮೂರೂವರೆ ಅಂತ ಬರೆದರೆ ಸುಳ್ಳು ಅಂತ ಗೊತ್ತಾಗುತ್ತದೆ, ಮೂರು ಮೂವತ್ತೆರಡು ಅಂದರೆ ಯಾರೂ ಅನುಮಾನ ಪಡುವುದಿಲ್ಲ. ಕೆಲಸ ಸುಳ್ಳಲ್ಲವಲ್ಲ, ಹೊತ್ತು ಮಾತ್ರ ಸುಳ್ಳು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆರು ತಿಂಗಳಿಂದ ಯಂಕಮ್ಮನ ಸಾಲು ಕೆಂಪಾಗಿರಲಿಲ್ಲ. ಅದರ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು ಅನ್ನಿ.

ಇದನ್ನು ಕಂಡು ಹಿಡಿದವರು ಒಬ್ಬರೇ, ಇದೇ ಸಂಗನಬಸಪ್ಪನವರು. ಬಾಗಲಕೋಟೆ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಕಂಟ್ರೋಲರಾಗಿ, ಹೊರಡುವ ಬಸ್ಸುಗಳ ಹೊತ್ತು ಬರೆದುಕೊಂಡೇ ಜೀವ ಸವೆಸಿದವರು. ಈಗ ಮರೆವು. ಜೊತೆಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಸೂಜಿ. ಮಗಳು ಅಂಜಲಿ ದೊಮ್ಮಲೂರಿನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು, ನ್ಯುಮೋನಿಯಾ ಆದಾಗ ತಂದು ಇಲ್ಲಿ ಸೇರಿಸಿದ್ದಳು. ಗಾಡಿ ಹೊಂಡೋ ಟೈಮ್ ಆತೇನು ಅಂತ ಮುದುಕರು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದರು. ಹೋದ ವಾರ ಸುಜಾತಾ ಅವರ ಕೋಣೆಯಲ್ಲೇ ಹಾಳೆ ಬಿಚ್ಚಿ ನಾಲ್ಕು ಸಾಲು ಗೀಚುತ್ತಿದ್ದಾಗ ಅವರು ದಿಟ್ಟಿಸಿ ನೋಡಿದ್ದರು.

"ಇನ್ನಾ ಹನ್ನೆರಡ ಆಗಿಲ್ಲ, ಎರಡರ ಗಾಡಿ ಬರೀಲಿಕ್ಹತ್ತೀಯಲ್ಲವ್ವ," ಅಂದಿದ್ದರು. "ಗಾಡಿ ಹೋದಮ್ಯಾಲೆ ಬರೀಬೇಕು. ಮದ್ಲ ಬರದ್ರ ಗಾಡಿ ನಿಂತಲ್ಲೇ ನಿಂತಿದ್ರೂ ಹೋಗೇದ ಅಂತ ಮಂದಿ ಮನೀಗೆ ಹೊಳ್ಳಿ ಹೋಗ್ತಾರ."

ಸುಜಾತಾ ನಕ್ಕು ಹಾಳೆ ಮಡಚಿದ್ದಳು. ಮರೆವಿನವರ ಮಾತು ಅಂತ ಅಲ್ಲೇ ಬಿಟ್ಟಿದ್ದಳು.

ಈಗ ಹಲಗೆಯ ಮುಂದೆ ನಿಂತಾಗ ಅದೇ ಮಾತು ಕಿವಿಯಲ್ಲಿ ಕೇಳಿಸಿತು. ಚಹಾದ ಸಾಲನ್ನು ಓದಲಾಗದ ಹಾಗೆ ಪೆನ್ನಿನಿಂದ ಗೀಚಿ ಹೊಡೆದು ಓಡಿದಳು. ಯಂಕಮ್ಮ ಮೂರನೇ ಕೋಣೆಯಲ್ಲಿದ್ದಳು. ಅಲ್ಲಿ ಮುನಿಲಕ್ಷ್ಮಮ್ಮ ಅನ್ನುವ ಮುದುಕಿ ಹೊಟ್ಟೆ ಆಪರೇಷನ್ನಿನ ಹೊಲಿಗೆ ನೋಯುತ್ತದೆ ಅಂತ ಯಂಕಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮಲಗಿದ್ದಳು.

"ಯಂಕಮ್ಮಕ್ಕ, ಏಳನೇದಕ್ಕ ಹೋಗಿದ್ದೇನು?"

"ಇಲ್ಲವ್ವ. ಎರಡರಿಂದ ಇಕಿ ಕೈ ಬಿಟ್ಟಿಲ್ಲ. ಈಗ ಹೊಂಟಿದ್ದೆ. ಯಾಕ?"

ಸುಜಾತಾ ಹೇಳಿದಳು. ಯಂಕಮ್ಮ ಮುದುಕಿಯ ಕೈ ಬಿಡಿಸಿಕೊಂಡು ಎದ್ದಳು.

ಹತ್ತು ನಿಮಿಷದಲ್ಲಿ ಇಡೀ ಕಟ್ಟಡ ಅಲ್ಲೋಲಕಲ್ಲೋಲವಾಯಿತು. ಖುರ್ಷೀದಾ ತಾರಸಿಗೆ ಓಡಿದಳು. ಶುಕ್ರವಾರ ಆಪರೇಷನ್ನಿನ ದಿನವಾದ್ದರಿಂದ ಮಧ್ಯಾಹ್ನವೆಲ್ಲ ಥಿಯೇಟರಿನ ಒಳಗಿದ್ದ ಸಿಸ್ಟರ್ ಹೊರಗೆ ಬಂದು, ವಿಷಯ ಕೇಳಿ, ಹನ್ನೆರಡೂವರೆಗೆ ಅವರಿಗೆ ಸೂಜಿ ಕೊಟ್ಟಿದ್ದೀನಲ್ಲ ಅಂತ ಹಣೆ ಹಿಡಿದುಕೊಂಡರು. ಕೇದಾರ್ ಮೆಟ್ಟಿಲಿಳಿದು ಬಂದವನು ಯಾರನ್ನೂ ಏನೂ ಕೇಳಲಿಲ್ಲ. ನೇರವಾಗಿ ಹಲಗೆಯ ಹತ್ತಿರ ಹೋಗಿ ಹಾಳೆಯ ಮೇಲೆ ಬೆರಳು ಓಡಿಸಿದ.

"ಮೂರು ಐವತ್ತೊಂದರವರೆಗೆ ಬೆಡ್ಡಲ್ಲಿದ್ರು. ಈಗ ನಾಲ್ಕೂ ಹದಿನೈದು. ಇಪ್ಪತ್ನಾಲ್ಕು ನಿಮಿಷ," ಅಂದ. ಅವನ ದನಿಯಲ್ಲಿ ಧೈರ್ಯ ಬಂದಿತ್ತು. "ಆ ವಯಸ್ಸಲ್ಲಿ ಎಷ್ಟು ದೂರ ಹೋಗ್ತಾರೆ? ಕೆರೆ ದಾಟಿರಲ್ಲ. ಎಲ್ರೂ ಕೆರೆ ಕಡೆ ಹೋಗಿ."

 ಕೇದಾರ್ ಪೊಲೀಸ್ ಠಾಣೆಗೆ ಫೋನ್ ಮಾಡಿ, ಸಮಯ ಹೇಳುವಾಗ ಮತ್ತೆ ಹಾಳೆ ನೋಡಿ, ಮೂರು ಐವತ್ತೊಂದು ಅಂತಲೇ ಹೇಳಿದ.  ಸುಜಾತಾ ಊಟದ ಡಬ್ಬಿಯ ಮುಂದೆ ಕೂತು ಸುಮ್ಮನೆ ಕಲ್ಪಿಸಿಕೊಂಡ ಒಂದು ಅಂಕೆ ಈಗ ಫೋನಿನಲ್ಲಿ ಠಾಣೆ ಸೇರಿತ್ತು. ಹೇಳಬೇಕು ಅಂದುಕೊಂಡಳು. ಹೇಳಿದರೆ ಯಂಕಮ್ಮನ ಕೆಲಸ ಹೋಯಿತು, ಖುರ್ಷೀದಾಳದೂ ಹೋಯಿತು, ತನ್ನದಂತೂ ನಿಲ್ಲುವುದಿಲ್ಲ. ಪೊಲೀಸರು ಬಂದು ಈ ಹಾಳೆ ಯಾರು ಬರೆದದ್ದು, ಇಲ್ಲೊಂದು ಸಾಲು ಬರೆದು ತೋರಿಸು ಅಂದರೆ? ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಅವಳು ಬೆರಳಿಗಂಟಿದ ಶಾಯಿಯನ್ನು ಸೆರಗಿಗೆ ಉಜ್ಜಿದಳು. ಅದು ಹೋಗಲಿಲ್ಲ.

ಕೆರೆಯ ದಂಡೆಯಲ್ಲಿ ಅರ್ಧ ಗಂಟೆ ಹುಡುಕಿದರು. ಕಬ್ಬಿಣದ ಬೇಲಿಯ ಉದ್ದಕ್ಕೂ ಸುಜಾತಾ ನಡೆದಳು, ನೀರಿನ ಕಡೆ ನೋಡುವ ಧೈರ್ಯವಿಲ್ಲದೆ ಬೇಲಿಯ ಸರಳನ್ನೇ ನೋಡುತ್ತ ನಡೆದಳು. ಒಂದು ಕಡೆ ಜೊಂಡಿನ ನಡುವೆ ಬಿಳಿಯದೇನೋ ತೇಲುತ್ತಿತ್ತು.  ಯಾರೋ ಕೋಲಿನಿಂದ ಎಳೆದಾಗ ಅದು ಸಿಮೆಂಟಿನ ಖಾಲಿ ಚೀಲ. ಅವಳು ಅಲ್ಲೇ ಕುಕ್ಕರಿಸಿದಳು.

ಅವರು ವಾಪಸು ಬರುವ ಹೊತ್ತಿಗೆ ಅಂಜಲಿ ಬಂದಿದ್ದಳು. ಆಫೀಸಿನ ಗುರುತಿನ ಚೀಟಿ ಕೊರಳಲ್ಲೇ ನೇತಾಡುತ್ತಿತ್ತು. ಅವಳು ಕೂಗಾಡಲಿಲ್ಲ, ಅದೇ ಎಲ್ಲರಿಗೂ ಕಷ್ಟವಾಯಿತು.

"ಅಪ್ಪನ್ನ ಕೊನೇಲಿ ನೋಡಿದ್ದು ಯಾರು?" ಅಂತ ಕೇಳಿದಳು.

ಕೇದಾರ್ ಹಾಳೆ ನೋಡಿ ಯಂಕಮ್ಮನ ಕಡೆ ತಿರುಗಿದ. ಯಂಕಮ್ಮ ಸುಜಾತಾಳ ಕಡೆ ನೋಡಿದಳು. ತನ್ನ ಹೆಸರಿನ ಮುಂದೆ ಏನು ಬರೆದಿದೆ ಅಂತ ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಎಲ್ಲರೂ ತನ್ನನ್ನೇ ಯಾಕೆ ನೋಡುತ್ತಿದ್ದಾರೆ ಅಂತ ತಿಳಿಯದಷ್ಟು ದಡ್ಡಿಯೂ ಅಲ್ಲ.

"ನಾನ ರಿ," ಅಂದಳು. "ನಾನ ಮೈ ಒರಸಿ ಬಂದೆ. ಮಲಗಿದ್ರು."

ಸುಜಾತಾ ಅವಳ ತೋಳು ಹಿಡಿದು ಬಟ್ಟೆ ಕೋಣೆಗೆ ಎಳೆದುಕೊಂಡು ಹೋದಳು.

"ಅಕ್ಕ, ಯಾಕ ಹಂಗ ಹೇಳಿದಿ? ಅವ್ರೇನರ ಸತ್ರ ನಿನ್ನ ಹಿಡಕೊಂಡ ಹೋಗ್ತಾರ."

"ಬರದಿದ್ದು ನೀ ಅಂತ ಗೊತ್ತಾದ್ರ ನಿನ್ನ ಹಿಡಕೊಂಡ ಹೋಗ್ತಾರ. ನಿನಗ ಸಣ್ಣ ಕೂಸು ಐತಿ. ನನಗ ಯಾರದಾರ?" ಯಂಕಮ್ಮ ಮೆಲ್ಲಗೆ ಅಂದಳು. "ನನ್ನ ಸಲುವಾಗೇ ಅಲ್ಲೇನವ್ವ ನೀ ಬರದದ್ದು. ಸುಮ್ನಿರು."

ಸುಮ್ಮನಿರು ಅನ್ನುವ ಮಾತು ಕೇಳಿ ಸುಜಾತಾಳಿಗೆ ಒಂದು ಕ್ಷಣ ಜೀವಕ್ಕೆ ಹಾಯೆನಿಸಿತು. ಅದು ನಾಚಿಕೆಗೇಡು, ಆದರೆ ಹಾಗೆ ಅನಿಸಿದ್ದು ನಿಜ. ಹೆದರಿದ ಮನುಷ್ಯ ಯಾವ ಕೊಂಬೆ ಸಿಕ್ಕರೂ ಹಿಡಿದುಕೊಳ್ಳುತ್ತಾನೆ, ಅದು ಮುರಿದರೆ ಯಾರ ಮೇಲೆ ಬೀಳುತ್ತದೆ ಅಂತ ನೋಡುವುದಿಲ್ಲ.

ಅಷ್ಟರಲ್ಲಿ ಹೊರಗೆ ಕಾವಲಿನ ಕರೀಂನ ದನಿ ಕೇಳಿಸಿತು. ವಯಸ್ಸಾದ ಮನುಷ್ಯ, ಯಾರಿಗೂ ಎದುರು ಮಾತಾಡದವನು, ಈಗ ಕೇದಾರನ ಮುಂದೆ ಅಳುವ ಹಾಗಾಗಿದ್ದ.

"ಅಲ್ಲಾನ ಆಣೆ ಸರ್, ಎರಡು ಗಂಟೆಯಿಂದ ಗೇಟು ಬಿಟ್ಟು ಅಲ್ಲಾಡಿಲ್ಲ. ಒಂದು ಇರುವೇನೂ ನನ್ನ ದಾಟ್ಕೊಂಡು ಹೋಗಿಲ್ಲ. ಒಂದರಿಂದ ಎರಡು ಜುಮ್ಮಾ ನಮಾಜಿಗೆ ಹೋಗಿದ್ದೆ, ಅಷ್ಟೇ. ನೀವೇ ಪರ್ಮಿಷನ್ ಕೊಟ್ಟಿದ್ದು."

"ಆಗ ಪೇಷಂಟ್ ಬೆಡ್ಡಲ್ಲೇ ಇದ್ರಲ್ರೀ. ಮೂರು ಐವತ್ತೊಂದು ಅಂತ ಇಲ್ಲಿ ಬರ್ದಿದೆ," ಅಂದ ಕೇದಾರ್. "ನೀವು ನಿದ್ದೆ ಹೊಡೀತಿದ್ರಿ. ಒಪ್ಕೊಳ್ಳಿ."

ಬಟ್ಟೆ ಕೋಣೆಯ ಬಾಗಿಲಲ್ಲಿ ನಿಂತ ಸುಜಾತಾಳಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಒಂದು ಇಪ್ಪತ್ತಕ್ಕೆ ಅವಳೇ ಏಳನೇ ಕೋಣೆಯಿಂದ ಊಟದ ತಟ್ಟೆ ತಂದಿದ್ದಳು. ಮುದುಕರು ಮಂಚದ ಅಂಚಿಗೆ ಕೂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಆಮೇಲೆ ಅವರನ್ನು ಯಾರೂ ನೋಡಿಲ್ಲ. ಗೇಟಿನಲ್ಲಿ ಯಾರೂ ಇರದಿದ್ದದ್ದು ಎರಡರವರೆಗೆ. ಒಂದೂವರೆಯಿಂದ ಎರಡರವರೆಗೆ ಮೂವರೂ ಈ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದರು. ಅವಳು 3.32 ಅಂತ ಬರೆಯುತ್ತಿದ್ದಾಗಲೇ, ಆ ಬಾಗಿಲಿನ ಆಚೆ, ಚಪ್ಪಲಿ ಎಳೆಯುತ್ತ ಅವರು ನಡೆದು ಹೋಗಿದ್ದರು. ಇಪ್ಪತ್ನಾಲ್ಕು ನಿಮಿಷವಲ್ಲ, ಮೂರು ತಾಸಿನ ಮೇಲಾಗಿತ್ತು. ಜನ ಮಾತ್ರ ಇಷ್ಟು ಹೊತ್ತೂ ಕೆರೆ ಹುಡುಕಿದ್ದರು.

ಅವಳು ನಡೆದು ಬಂದು ಅಂಜಲಿಯ ಮುಂದೆ ನಿಂತಳು. 

"ಮೇಡಂ, ಆ ಹಾಳಿ ಖರೇ ಅಲ್ಲರಿ."

"ಏನು?"

"ಯಾರೂ ಮೈ ಒರಸಿಲ್ಲ. ಎಲ್ಲಾ ನಾನ ಮೊದಲ ಬರದಿಟ್ಟಿದ್ದೆ, ಒಂದೂವರಿಗೆ. ನಿಮ್ಮ ಅಪ್ಪಾರನ್ನ ಕಡೀಕೆ ನೋಡಿದ್ದು ನಾನು. ಒಂದು ಇಪ್ಪತ್ತಕ್ಕ."

ಖುರ್ಷೀದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೇದಾರ್ ಅಡ್ಡ ಬಂದ.

"ಸುಜಾತಾ, ಗಾಬ್ರೀಲಿ ಏನೇನೋ ಮಾತಾಡ್ಬೇಡಿ. ಇದು ಪೊಲೀಸ್ ಕೇಸಾಗುತ್ತೆ, ಗೊತ್ತಾ?"

"ಗೊತ್ತೈತ್ರಿ ಸರ್."

ಅಂಜಲಿ ಅವಳ ಮಣಿಕಟ್ಟು ಹಿಡಿದಳು. ಬಳೆ ಒತ್ತಿ ನೋವಾಗುವಷ್ಟು ಬಿಗಿಯಾಗಿ ಹಿಡಿದಳು. "ಊಟ ಮಾಡಿದ್ರಾ? ಪೂರ್ತಿ ಮಾಡಿದ್ರಾ?"

"ಅರ್ಧ ಬಿಟ್ಟಿದ್ರುರಿ."

ಸಿಸ್ಟರ್ ಕುರ್ಚಿಯ ಬೆನ್ನು ಹಿಡಿದುಕೊಂಡರು. ಸೂಜಿ ಚುಚ್ಚಿಸಿಕೊಂಡು, ಅರ್ಧ ಊಟ ಮಾಡಿ, ಬಿಸಿಲಲ್ಲಿ ನಡೆದಿದ್ದರೆ ಸಕ್ಕರೆ ಇಳಿದು ಎಲ್ಲಾದರೂ ಬಿದ್ದಿರುತ್ತಾರೆ, ತಡವಾದರೆ ಎಚ್ಚರ ಮರಳುವುದಿಲ್ಲ ಅಂದರು. ಅದನ್ನು ಕೇಳಿ ಅಂಜಲಿ ಮೊದಲ ಸಲ ಅತ್ತಳು. ಮೂರು ತಾಸಿನಲ್ಲಿ ಈ ಊರಲ್ಲಿ ಎಲ್ಲಿ ಅಂತ ಹುಡುಕಲಿ ಅಂದಳು.

"ಬಸ್ ಇದ್ದಲ್ಲೆ ಹೋಗಿರ್ತಾರ್ರಿ," ಅಂದಳು ಸುಜಾತಾ. "ದಿನಾ ಅದ ಕೇಳ್ತಿದ್ರು. ಶಿವಾಜಿನಗರ ಸ್ಟ್ಯಾಂಡು ಹತ್ರ ಐತಿ."

ಆಟೋ ಸಿಕ್ಕಿತು. ಐದು ಗಂಟೆಯ ವಾಹನಗಳ ನಡುವೆ ಅದು ಇರುವೆಯ ಹಾಗೆ ಹೋಯಿತು. ಅಂಜಲಿ ರಸ್ತೆಯ ಎರಡೂ ಬದಿ ನೋಡುತ್ತ ಕೂತಳು. ಸುಜಾತಾಳ ತಲೆಯಲ್ಲಿ ಎಲ್ಲವೂ ಮಾತಾಡುತ್ತಿದ್ದವು. ಅವರು ಅಲ್ಲಿರದಿದ್ದರೆ? ರಿಚರ್ಡ್ಸ್ ಟೌನಿನ ಯಾವುದೋ ಮರದ ಕೆಳಗೆ ಬಿದ್ದಿದ್ದರೆ, ಕುಡುಕ ಅಂದುಕೊಂಡು ಜನ ಸುತ್ತು ಹಾಕಿ ಹೋಗುತ್ತಿದ್ದರೆ? ಸತ್ತೇ ಹೋಗಿದ್ದರೆ, ತಾನು ಈಗ ಹೇಳಿದ ಸತ್ಯದಿಂದ ಯಾರಿಗೆ ಏನಾಯಿತು? ನಾಲ್ಕೂ ಐದಕ್ಕೇ ಹೇಳಿದ್ದರೆ ಒಂದು ತಾಸು ಉಳಿಯುತ್ತಿತ್ತು. ಆ ಒಂದು ತಾಸು ಯಾರ ಹೆಸರಿನ ಮುಂದೆ ಬರೆಯಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಊರ ದೇವರನ್ನೆಲ್ಲ ನೆನೆದಳು, ಆಟೋದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಳು.

ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಜಲಿ ಒಂದು ಕಡೆ ಹೋದಳು, ಸುಜಾತಾ ಇನ್ನೊಂದು ಕಡೆ. ಬಿಳಿ ಅಂಗಿ ಕಂಡಲ್ಲೆಲ್ಲ ಓಡಿ ಮುಖ ನೋಡಿದಳು. ಒಬ್ಬಾತ ಬೈದ. ಕೊನೆಗೆ ಕಂಟ್ರೋಲರ್ ಕ್ಯಾಬಿನ್ನಿನ ಪಕ್ಕದ ಕಲ್ಲು ಬೆಂಚಿನಲ್ಲಿ ಕಂಡರು. ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕೂತಿದ್ದರು. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಕೈ ಮುಟ್ಟಿದರೆ ತಣ್ಣಗಿತ್ತು.

"ಯಾರ್ರೀ ನೀವು, ಮನೆಯೋರಾ?" ಕ್ಯಾಬಿನ್ನಿನ ಕಿಟಕಿಯಿಂದ ಕಂಟ್ರೋಲರ್ ಕೇಳಿದ. "ನಮ್ಮ ಡಿಪಾರ್ಟ್‌ಮೆಂಟಲ್ಲಿ ರಿಟೈರ್ಡು ಅಂದ್ರು, ಕೂತ್ಕೊಳ್ಳಿ ಅಂದೆ. ಈಗ ನಿದ್ದೆ ಮಾಡ್ತಿದ್ದಾರೆ."

ಅದು ನಿದ್ದೆಯಲ್ಲ ಅಂತ ಆಯಾಗಳಿಗೆ ಗೊತ್ತಾಗುತ್ತದೆ. ಸುಜಾತಾ ಪಕ್ಕದ ಚಹಾ ಅಂಗಡಿಗೆ ನುಗ್ಗಿ, ಕೇಳದೆಯೇ ಡಬ್ಬಿಯಿಂದ ಒಂದು ಹಿಡಿ ಸಕ್ಕರೆ ತೆಗೆದುಕೊಂಡು ಓಡಿ ಬಂದಳು. ಬೆರಳು ಒದ್ದೆ ಮಾಡಿಕೊಂಡು ಅವರ ಕೆನ್ನೆಯ ಒಳಗೆ, ವಸಡಿಗೆ, ಚೂರು ಚೂರೇ ಸವರಿದಳು. ಜನ ಸುತ್ತ ನಿಂತರು. ಏನೂ ಆಗಲಿಲ್ಲ. ಮತ್ತೆ ಸವರಿದಳು. ಯಜ್ಜಾರ, ಯಜ್ಜಾರ ಅಂತ ಕರೆಯುತ್ತಲೇ ಇದ್ದಳು, ಅವಳ ಕಣ್ಣೀರು ಅವರ ಅಂಗಿಯ ಮೇಲೆ ಬೀಳುತ್ತಿತ್ತು. ಅಂಜಲಿ ಓಡಿ ಬಂದು ಅಪ್ಪನ ಪಾದ ತಿಕ್ಕತೊಡಗಿದಳು. ಎಷ್ಟು ಹೊತ್ತಾಯಿತೋ, ಸುಜಾತಾ ಗಡಿಯಾರ ನೋಡಲಿಲ್ಲ. ಕೊನೆಗೆ ಮುದುಕರ ನಾಲಿಗೆ ಅವಳ ಬೆರಳನ್ನು ಹುಡುಕಿತು. ಕಣ್ಣು ಅರ್ಧ ತೆರೆಯಿತು.

"ಗಾಡಿ ಹೋತೇನು?" ಅಂದರು.

ಆಂಬುಲೆನ್ಸಿಗೆ ಎತ್ತಿ ಹಾಕುವಾಗ ಅವರ ಮುಷ್ಟಿಯಿಂದ ಒಂದು ಕಾಗದ ಕೆಳಗೆ ಬಿತ್ತು. ಹಳೆಯ ಕರಪತ್ರದ ಹಿಂಬದಿ, ಯಾರ ಹತ್ತಿರವೋ ಇಸಕೊಂಡ ಪೆನ್ನಿನ ಬರಹ. ಊರ ಹೆಸರು, ಅದರ ಮುಂದೆ ಹೊತ್ತು. ಮೊದಲ ಸಾಲು ಯಶವಂತಪುರ, 2.17. ಸಾಲುಗಳು ಒಂದರ ಕೆಳಗೊಂದು ನೇರವಾಗಿ ಇಳಿದಿದ್ದವು. ಕೆ.ಆರ್. ಪುರ, 3.34. ಬಾಣಸವಾಡಿ, 3.39. ಮೆಜೆಸ್ಟಿಕ್, 3.47. ಅಲ್ಲಿಂದ ಅಕ್ಷರ ಸೊಟ್ಟಗಾಗಿ, ನಾಲ್ಕರ ನಂತರ ಬರೀ ಗೀಟುಗಳಾಗಿದ್ದವು. ಯಂಕಮ್ಮ ಅವರ ಮೈ ಒರೆಸಿದಳು ಅಂತ ಸುಜಾತಾ ಬರೆದ ಹತ್ತೊಂಬತ್ತು ನಿಮಿಷದಲ್ಲಿ ಅವರು ಇಲ್ಲಿ ಕೂತು ಮೂರು ಬಸ್ಸು ಕಳಿಸಿದ್ದರು. ಒಂದೊಂದನ್ನೂ ಹೋದ ಮೇಲೆ ಬರೆದುಕೊಂಡಿದ್ದರು. ಸುಜಾತಾ ಆ ಕಾಗದ ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು.

ಮುದುಕರು ಉಳಿದರು. ದೊಡ್ಡ ಆಸ್ಪತ್ರೆಯಲ್ಲಿ ಬೆಳಗಿನ ಹೊತ್ತಿಗೆ ಗಂಜಿ ಕುಡಿದರು ಅಂತ ಅಂಜಲಿಯೇ ಸಿಸ್ಟರಿಗೆ ಫೋನಿನಲ್ಲಿ ಹೇಳಿದಳಂತೆ. ಜೊತೆಗೇ, ದೂರು ಕೊಡುತ್ತೇನೆ, ಆ ದಿನದ ಹಾಳೆಯ ನಕಲು ಬೇಕು ಅಂತಲೂ ಹೇಳಿದಳು.

ಶನಿವಾರ ಹತ್ತು ಗಂಟೆಗೆ ಕೇದಾರ್ ಸುಜಾತಾಳನ್ನು ತನ್ನ ಕೋಣೆಗೆ ಕರೆದ. ಹೊರಗಿನ ಬೆಂಚಿನಲ್ಲಿ ಯಂಕಮ್ಮ ಡಬ್ಬಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುಜಾತಾಳನ್ನು ಕಂಡು ಸುಮ್ಮನಿರು ಅನ್ನುವಂತೆ ತುಟಿಯ ಮೇಲೆ ಬೆರಳಿಟ್ಟಳು.

ಮೇಜಿನ ಮೇಲೆ ಹೊಸ ಹಾಳೆ ಇತ್ತು, ಅದೇ ಗೆರೆಗಳು, ಅದೇ ಖಾನೆಗಳು. ನಿನ್ನೆಯ ತಾರೀಖು ಹಾಕಿತ್ತು. ಪಕ್ಕದಲ್ಲಿ ಪೆನ್ನು. ಹಳೆಯ ಹಾಳೆ ಕಾಣಲಿಲ್ಲ.

"ಕೂತ್ಕೊಳ್ಳಿ," ಅಂದ ಕೇದಾರ್. ಅವನೂ ನಿದ್ದೆ ಮಾಡಿರಲಿಲ್ಲ. "ನೋಡಿ, ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ, ಬರ್ದಿರೋದೇ ನಿಲ್ಲೋದು. ಒಂದರಿಂದ ನಾಲ್ಕರವರೆಗೆ ಏಳನೇ ರೂಮು ಯಂಕಮ್ಮನ ಜವಾಬ್ದಾರಿ ಅಂತ ಬರೀರಿ. ಅವ್ರು ನೋಡ್ಕೊಳ್ಳಲಿಲ್ಲ, ಅಷ್ಟೇ. ಅವ್ರೂ ಒಪ್ಪಿದ್ದಾರೆ. ಹೇಗಿದ್ರೂ ವಯಸ್ಸಾಯ್ತು. ನಿಮ್ಮ ಕೆಲ್ಸಕ್ಕೆ ಏನೂ ಆಗಲ್ಲ. ಪೊಲೀಸರ ಹತ್ರ ನಿಮ್ಮ ಹೆಸರೂ ಬರಲ್ಲ."

ಸುಜಾತಾ ಪೆನ್ನು ತೆಗೆದುಕೊಂಡಳು. ಸಾರವೆಯ ಹಲಗೆ ಕಾಲಡಿ ಅಲ್ಲಾಡಿದ ಹಾಗಾಯಿತು. ಗಂಡ, ಕೂಸು, ಜೋಗುಪಾಳ್ಯದ ಕೋಣೆಯ ಬಾಗಿಲಲ್ಲಿ ಒಬ್ಬ ಪೊಲೀಸ್, ಎಲ್ಲ ಕಣ್ಣಮುಂದೆ ಬಂದು ಹೋದವು. ಬರೆಯುವ ಮೊದಲು ಎರಡು ಸಲ ಅಂಗೈ ಒರೆಸಿಕೊಂಡಳು.

ನಿಧಾನವಾಗಿ ಬರೆದಳು. ಬರೆದು ಮುಗಿಸಿ ಹಾಳೆಯನ್ನು ಕೇದಾರನ ಕಡೆ ತಿರುಗಿಸಿದಳು. ಅದರಲ್ಲಿ ಮೂರೇ ಸಾಲುಗಳಿದ್ದವು.

ಏಳನೇ ಮಂಚ, ತಟ್ಟೆ ತಂದದ್ದು, ಊಟ ಅರ್ಧ ಉಳಿದದ್ದನ್ನು ಯಾರಿಗೂ ಹೇಳದ್ದು, ಸುಜಾತಾ, 1.20.

ಬಟ್ಟೆ ಕೋಣೆಯಲ್ಲಿ ಕೂತು ಸುಳ್ಳು ಹೊತ್ತು ಬರೆದದ್ದು, ಸುಜಾತಾ, 1.30 ರಿಂದ 2.00.

ಮೂರನೇ ಮಂಚ, ನೋವಾದವರ ಕೈ ಹಿಡಿದು ಕೂತದ್ದು, ಯಂಕಮ್ಮ, 2.00 ರಿಂದ 4.05.

ಕೇದಾರ್ ಓದಿದ. ಮತ್ತೊಮ್ಮೆ ಓದಿದ. "ಏನ್ರೀ ಇದು?" ಅಂದ.

 ಸುಜಾತಾ ಹೊರಗಿನ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ನಿನ್ನಿ ಮಧ್ಯಾಹ್ನ ರಿ ಸರ್. ಆದಮ್ಯಾಲೆ ಬರದೀನಿ."